ಎರಡಾಳಿನ ಗೆರೆ

ಅವನು ಮೊಟ್ಟೆ ತರಲು ಕೆಳಗಿಳಿದು ಹೋಗಿದ್ದ. ಅವಳು ಅವನ ಟೂಲ್ ಬ್ಯಾಗಿನಿಂದ ಅಡುಗೆಯ ಪುಟ್ಟ ಕರೆಂಟ್ ಪಾತ್ರೆಯನ್ನು ತೆಗೆದು, ಸುತ್ತಿದ್ದ ಟವೆಲ್ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದಳು. ಒಳಮೈಯ ಸುತ್ತ ಒಂದು ಬಿಳಿ ಗೆರೆ ಕಟ್ಟಿತ್ತು. ಪೂರ್ತಿ ಬಿಳಿಯೂ ಅಲ್ಲ, ಅಂಚಿನಲ್ಲಿ ಕಂದು.

ಬೇರೆ ಯಾರಾದರೂ ಆಗಿದ್ದರೆ ಪಾತ್ರೆಯನ್ನು ನಲ್ಲಿಯ ಕೆಳಗೆ ಹಿಡಿದು ಎರಡು ಉಜ್ಜು ಉಜ್ಜಿ ಮರೆಯುತ್ತಿದ್ದರು. ಅವಳು ನೀರು ಪರೀಕ್ಷೆಯ ಲ್ಯಾಬಿನಲ್ಲಿ ಒಂಬತ್ತು ವರ್ಷ ಸವೆಸಿದವಳು. ಅಲ್ಲಿ ಎಲ್ಲರೂ ಅವಳನ್ನು ಕರೆಯುವುದೇ ನೀರಕ್ಕ ಎಂದು. ಸೋಮವಾರ ಅವನು ಹೊರಡುವ ಮುಂಚೆ ನಿಂಬೆರಸ ಹಾಕಿ ಕುದಿಸಿ, ಪಾತ್ರೆ ಕನ್ನಡಿಯಂತೆ ಹೊಳೆಯುವ ಹಾಗೆ ಮಾಡಿ ಕಳಿಸಿದ್ದು ಅವಳೇ. ಅವನು ಹೋಗಿದ್ದು ಗುಡ್ಡದ ಮೇಲಿನ ಊರಿಗೆ, ಆಸ್ಪತ್ರೆಯ ಲಿಫ್ಟ್ ರಿಪೇರಿಗೆ. ಹಾಗಂತ ಅವನು ಹೇಳಿದ್ದ. ಆ ಊರಿನದು ಬುಗ್ಗೆಯ ನೀರು. ತಿಂಗಳುಗಟ್ಟಲೆ ಕುದಿಸಿದರೂ ಪಾತ್ರೆಗೆ ಒಂದು ಮಚ್ಚೆ ಬೀಳುವುದಿಲ್ಲ.

ಇನ್ನೊಂದು ಸಂಗತಿಯೂ ಇತ್ತು. ಪಾತ್ರೆಯ ಒಳಗೆ ಕಂಪನಿಯವರೇ ಒತ್ತಿದ ಎರಡು ಗುರುತುಗಳಿದ್ದವು. ಕೆಳಗಿನದಕ್ಕೆ ಇವರಿಬ್ಬರೂ ಒಂದಾಳಿನ ಗೆರೆ ಎನ್ನುತ್ತಿದ್ದರು, ಮೇಲಿನದಕ್ಕೆ ಎರಡಾಳಿನ ಗೆರೆ. ಊರೂರು ತಿರುಗುವಾಗ ಅವನು ಒಂದಾಳಿನ ಗೆರೆ ದಾಟುತ್ತಿರಲಿಲ್ಲ. ಈ ಕಲೆ ಕೂತಿದ್ದುದು ಎರಡಾಳಿನ ಗೆರೆಯ ಮೇಲೆ.

“ಏನು, ಪಾತ್ರೆ ಜೊತೆ ಅಷ್ಟು ಹೊತ್ತು ಕಣ್ಣಲ್ಲಿ ಕಣ್ಣಿಟ್ಟು?” ಅವನು ಮೊಟ್ಟೆಯ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದ. “ನನ್ನ ಕಡೆಗೂ ಒಂದ್ಸಲ ಹಾಗೆ ನೋಡು ತಾಯಿ, ಪುಣ್ಯ ಬರುತ್ತೆ.”

“ಅಲ್ಲಿ ಊಟಕ್ಕೆ ಏನ್ ಮಾಡ್ಕೊಂಡೆ?”

“ದಿನಾ ನೂಡಲ್ಸು. ಒಂದಿನ ಆಲೂಗಡ್ಡೆ ಸೂಪು. ಲಾಡ್ಜಿನೋನು ರೂಮಲ್ಲಿ ಬೇಯಿಸ್ಬೇಡಿ ಅಂದ. ನಾನು ಬೇಯಿಸ್ತಿಲ್ಲ ಸಾರ್, ನೀರು ಕಾಯಿಸ್ತಿದ್ದೀನಿ, ಅದರೊಳಗೆ ನೂಡಲ್ಸ್ ತಾನಾಗೇ ಬಿತ್ತು ಅಂದೆ.”

“ಒಬ್ಬನೇ ತಿಂದ್ಯಾ?”

“ಇಲ್ಲ, ಕನ್ನಡೀಲಿ ಇನ್ನೊಬ್ಬ ಇದ್ದ. ಅವನಿಗೆ ಹಸಿವಿರ್ಲಿಲ್ಲ.”

“ನೀರು ಹೇಗಿತ್ತು?”

“ನೀರಾ? ಒದ್ದೆ ಒದ್ದೆಯಾಗಿತ್ತು.”

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಒಂದು ಕ್ಷಣ ಮೊದಲೇ ಕಿರಿದಾಗುತ್ತಿತ್ತು. ಅವಳಿಗೆ ಅದು ಬಲು ಇಷ್ಟ. ಇವತ್ತು ನಗುವಿನ ಕೊನೆಯಲ್ಲಿ ಅವನು ಕಿವಿಯ ಹಿಂಭಾಗ ಕೆರೆದುಕೊಂಡ. ಇದು ಹೊಸದು.

ಅವಳು ಪಾತ್ರೆಯ ಮುಚ್ಚಳ ಹಾಕಿದಳು. “ಇವತ್ತು ಹೊರಗೆ ತಿನ್ನೋಣ” ಎಂದಳು.

*

ಅವನು ಕೇಳಿದ್ದು ಕಳೆದ ಭಾನುವಾರ. ಇದೇ ಕಿಟಕಿಯ ಕಟ್ಟೆಯ ಮೇಲೆ ಪಾತ್ರೆ ಕೊತಕೊತ ಎನ್ನುತ್ತಿತ್ತು, ಒಳಗೆ ಎಲೆಕೋಸು, ಅಣಬೆ, ಎರಡು ಮೊಟ್ಟೆ. ಆವಿಯ ಆಚೆಯಿಂದ ಅವನು, “ಹೀಗೇ ಇದ್ದುಬಿಡೋಣ್ವಾ? ಕಾಯಂ?” ಎಂದಿದ್ದ. ಅವಳ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತ್ತು.

“ಮದುವೆಗೆ ನನ್ನ ಕಡೆಯಿಂದ ಬಂದು ನಿಲ್ಲೋಕೆ ಒಬ್ಬರೂ ಇಲ್ಲ ಕಣೋ.”

“ಅಪ್ಪ ಇದ್ದಾರಲ್ಲ.”

“ಇಲ್ಲ ಅಂತಲೇ ಇಟ್ಕೋ. ಬರೋ ಭಾನುವಾರ ಹೇಳ್ತೀನಿ.”

ಭಾನುವಾರಕ್ಕೆ ಇನ್ನು ಮೂರೇ ದಿನ. ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಈಗ ನಡುವೆ ಈ ಕಲೆ.

*

ಶುಕ್ರವಾರ ಅವಳು ಪಾತ್ರೆಯನ್ನು ಕೈಚೀಲದಲ್ಲಿಟ್ಟುಕೊಂಡು ಲ್ಯಾಬಿಗೆ ಹೋದಳು. ಪಕ್ಕದ ಟೇಬಲ್ಲಿನಲ್ಲಿ ಬ್ಯಾಕ್ಟೀರಿಯಾ ಎಣಿಸುತ್ತಿದ್ದ ಹಿರಿಯ ಸಹೋದ್ಯೋಗಿಯನ್ನು ಎಲ್ಲರೂ ಕ್ರಿಮಿ ಅಕ್ಕ ಎನ್ನುತ್ತಿದ್ದರು. ಆಕೆ ಕನ್ನಡಕದ ಮೇಲಿಂದ ನೋಡಿದಳು.

“ಅದೇನೇ, ಊಟ ಇಲ್ಲೇ ಮಾಡ್ತೀಯಾ?”

“ಸ್ಯಾಂಪಲ್ ಅಕ್ಕ.”

ನೀರಕ್ಕ ಒಳಗಿನ ಕಲೆಯನ್ನು ಸಣ್ಣ ಚಾಕುವಿನಿಂದ ಕೆರೆದು ಗಾಜಿನ ಬಟ್ಟಲಿಗೆ ಉದುರಿಸಿದಳು. ಸಂಗತಿ ತಿಳಿದ ಕ್ರಿಮಿ ಅಕ್ಕನಿಗೆ ನಗು ತಡೆಯಲಾಗಲಿಲ್ಲ.

“ಅಲ್ಲ ಕಣೇ, ಹುಡುಗನ ಮೇಲೆ ಅನುಮಾನ ಬಂದ್ರೆ ಶರ್ಟಿನ ಮೇಲೆ ಲಿಪ್‌ಸ್ಟಿಕ್ ಹುಡುಕ್ತಾರೆ. ನೀನು ಕ್ಯಾಲ್ಸಿಯಂ ಹುಡುಕ್ತಿದ್ದೀಯಲ್ಲ!”

“ಲಿಪ್‌ಸ್ಟಿಕ್ ಒರೆಸ್ಕೋಬಹುದು.”

“ಅವನ್ನೇ ಕೇಳ್ಬಹುದಲ್ಲೇ?”

“ಕೇಳಿದ್ರೆ ಏನು ಬೇಕಾದ್ರೂ ಹೇಳ್ತಾನೆ.”

“ಹೇಳ್ಲಿ ಅಂತಾನೇ ಕೇಳೋದು” ಎಂದು ಕ್ರಿಮಿ ಅಕ್ಕ ತನ್ನ ತಟ್ಟೆಗಳ ಕಡೆ ತಿರುಗಿದಳು.

ಆಸಿಡ್ ಬಿದ್ದೊಡನೆ ಪುಡಿ ನೊರೆಯೆದ್ದು ಕರಗಿತು. ಸುಣ್ಣದ ಅಂಶ ವಿಪರೀತ, ಅದು ನಿರೀಕ್ಷಿಸಿದ್ದೇ. ಕಂದು ಬಣ್ಣ ಕಬ್ಬಿಣದ್ದಿರಬಹುದು ಎಂದುಕೊಂಡಿದ್ದಳು, ಅಲ್ಲ. ಮ್ಯಾಂಗನೀಸ್. ಯಂತ್ರದ ಪರದೆಯ ಮೇಲಿನ ಅಂಕಿಯನ್ನು ನೋಡಿ ಅವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಮತ್ತೊಮ್ಮೆ ಪರೀಕ್ಷೆ ಮಾಡಿದಳು. ಅದೇ ಅಂಕಿ.

ಸುತ್ತಮುತ್ತಲಿನ ಅಷ್ಟೂ ಬೋರ್‌ವೆಲ್ಲುಗಳ ನೀರು ಅವಳ ಕೈಯಲ್ಲಿ ಹಾದುಹೋಗಿತ್ತು. ಇಷ್ಟು ಮ್ಯಾಂಗನೀಸ್ ಇರುವ ಬೋರು ಒಂದೇ ಒಂದು. ಆ ನೀರಿನಲ್ಲೇ ಅವಳು ಬೆಳೆದಿದ್ದಳು. ಅದು ಅವಳ ಅಪ್ಪನ ಲಾಂಡ್ರಿಯ ಬೋರು. ಬಿಳಿ ಬೆಡ್‌ಶೀಟಿನ ಮೇಲೆ ಕಂದು ಚುಕ್ಕೆ ಬಿತ್ತೆಂದು ಹೋಟೆಲಿನವರು ಜಗಳಕ್ಕೆ ಬಂದಾಗಲೆಲ್ಲ ಅಪ್ಪ, “ನೀರಿಗೆ ಏನೋ ಕಾಯಿಲೆ. ನನ್ನ ಮಗಳು ಓದಿ ಕಂಡುಹಿಡೀತಾಳೆ” ಎನ್ನುತ್ತಿದ್ದ. ಮಗಳು ಓದಿದಳು. ಕಂಡೂ ಹಿಡಿದಳು.

ನಾಲ್ಕು ವರ್ಷದ ಹಿಂದೆ ಹಳ್ಳಕ್ಕೆ ಯಾರೋ ಸೋಪಿನ ನೀರು ಬಿಡುತ್ತಿದ್ದಾರೆಂದು ದೂರು ಬಂದು, ಲ್ಯಾಬಿಗೆ ಆರು ಬಾಟಲಿ ಬಂದಿದ್ದವು. ಬಾಟಲಿಗಳ ಮೇಲೆ ಬರೀ ನಂಬರು. ಮೂರನೆಯದರಲ್ಲಿ ಮ್ಯಾಂಗನೀಸ್ ಕಂಡ ಕೂಡಲೇ ಅದು ಯಾರ ನೀರೆಂದು ಅವಳಿಗೆ ಗೊತ್ತಾಗಿತ್ತು. ಆದರೂ ಸಹಿ ಹಾಕಿದಳು. ಲಾಂಡ್ರಿಗೆ ಎರಡು ತಿಂಗಳು ಬೀಗ ಬಿತ್ತು. ಆಮೇಲೆ ಹೊರಬಿಡುವ ನೀರಿಗೆ ಫಿಲ್ಟರ್ ಹಾಕಿಸಿ ಅಪ್ಪ ಬಾಗಿಲು ತೆರೆದ. ಮಗಳ ಜೊತೆ ಮಾತು ಮಾತ್ರ ಮುಚ್ಚಿಹೋಯಿತು. ಅವಳೂ ಹೋಗಲಿಲ್ಲ. ತಪ್ಪು ಮಾಡಿಲ್ಲವಲ್ಲ ಎಂಬ ಹಟ.

ಈಗ ಆ ನೀರು ಅವನ ಪಾತ್ರೆಯಲ್ಲಿ ಕುದಿದಿತ್ತು. ಎರಡಾಳಿನ ಗೆರೆಯವರೆಗೆ.

ಇನ್ನೊಬ್ಬ ಹುಡುಗಿ ಇದ್ದಿದ್ದರೆ ಲೆಕ್ಕ ಸುಲಭವಿತ್ತು. ಅತ್ತು, ಬಯ್ದು, ಮುಗಿಸಬಹುದಿತ್ತು. ಇದು ಬೇರೆ. ಅವನಿಗೆ ಅಪ್ಪ ಹೇಗೆ ಗೊತ್ತು? ಯಾವತ್ತಿನಿಂದ? ವರ್ಷದ ಹಿಂದೆ ಲ್ಯಾಬಿನ ಲಿಫ್ಟು ಅವಳನ್ನು ಒಳಗಿಟ್ಟುಕೊಂಡೇ ಮೂರನೆಯ ಮಹಡಿಯಲ್ಲಿ ಕೆಟ್ಟು ನಿಂತಿತ್ತು. ಬಾಗಿಲನ್ನು ಸೀಳಿದಂತೆ ತೆರೆದು ಕೈ ಚಾಚಿದವನು ಇವನು. “ಮೊದಲು ಐಡಿ ಕಾರ್ಡ್ ತೋರ್ಸಿ” ಎಂದಿದ್ದಳು. ಅವನು ಅಷ್ಟೇ ಗಂಭೀರವಾಗಿ ಕಾರ್ಡು ತೋರಿಸಿ, “ಫೋಟೋ ಚೆನ್ನಾಗಿಲ್ಲ ಮೇಡಂ, ಅಡ್ಜಸ್ಟ್ ಮಾಡ್ಕೊಳ್ಳಿ” ಎಂದಿದ್ದ. ಆ ತಿಂಗಳು ಲಿಫ್ಟು ಇನ್ನೂ ಮೂರು ಸಲ ಕೆಟ್ಟಿತ್ತು. ಅದು ತಾನಾಗಿ ಕೆಟ್ಟಿದ್ದೋ? ಅಪ್ಪನೇ ಕಳಿಸಿದ್ದನೋ, ಮಗಳು ಹೇಗಿದ್ದಾಳೆ ನೋಡಿ ಬಾ ಎಂದು? ವರ್ಷವಿಡೀ ಆವಿಯ ಆಚೆ ಕೂತು ನಕ್ಕವನು ಯಾರ ಮನುಷ್ಯ?

ಒಂದು ಚೂರು ಸುಣ್ಣದ ಮೇಲೆ ಅವಳು ಅಷ್ಟು ದೊಡ್ಡ ಮನೆ ಕಟ್ಟಿದಳು.

*

ಶನಿವಾರ ಮಧ್ಯಾಹ್ನ ಅವನು ಅಣಬೆ ಹಿಡಿದು ಬಂದ. ಕಿಟಕಿಯ ಕಟ್ಟೆಯ ಮೇಲೆ ಪಾತ್ರೆಯಿತ್ತು, ಪಾತ್ರೆಯೊಳಗೆ ಲ್ಯಾಬಿನ ಚೀಟಿ. ಅವನು ಚೀಟಿ ತೆಗೆದು ತಿರುಗಿಸಿ ನೋಡಿದ.

“ಇದೇನು, ನನ್ನ ಜಾತಕನಾ?”

“ನೀರಿಂದು. ನೀನು ಗುಡ್ಡಕ್ಕೆ ಹೋಗಿರ್ಲಿಲ್ಲ. ನಮ್ಮಪ್ಪನ ಲಾಂಡ್ರೀಲಿದ್ದೆ. ನಿನ್ನನ್ನ ಅವರೇ ಕಳಿಸಿದ್ದಾ? ಮೊದಲಿನಿಂದಲೂ?”

ಅವನ ಎರಡು ಕಣ್ಣೂ ಒಟ್ಟಿಗೇ ಅಗಲವಾದವು. ಅಣಬೆಯ ಪೊಟ್ಟಣವನ್ನು ಕೆಳಗಿಟ್ಟು, ಅವಳೆದುರಿನ ಸ್ಟೂಲಿನ ಮೇಲೆ ಮೆಲ್ಲಗೆ ಕೂತ.

“ಗುಡ್ಡಕ್ಕೆ ಹೋಗಿದ್ದೆ. ಎರಡು ದಿನಕ್ಕೆ ಕೆಲಸ ಮುಗೀತು. ಉಳಿದ ಒಂದು ದಿನ ಅಲ್ಲಿದ್ದೆ.”

“ಅಪ್ಪ ಹೇಗೆ ಗೊತ್ತು?”

“ಎರಡು ತಿಂಗಳ ಹಿಂದೆ ಲಾಂಡ್ರಿ ಎದುರಿನ ಬಿಲ್ಡಿಂಗಲ್ಲಿ ಕೆಲಸ ಇತ್ತು. ಮಧ್ಯಾಹ್ನ ಅಲ್ಲಿನ ಕರೆಂಟ್ ನಾನೇ ತೆಗ್ದಿದ್ದೆ, ಹೊಟ್ಟೆ ಹಸೀತಿತ್ತು. ರಸ್ತೆ ದಾಟಿ ಹೋದೆ. ಯಾರಪ್ಪಾ ನೀನು ಅಂದ್ರು. ಲಿಫ್ಟ್ ರಿಪೇರಿ ಅಂದೆ. ನಮ್ದು ಇರೋದೇ ಒಂದು ಫ್ಲೋರು, ಮೇಲೆ ಹೋಗೋ ಆಸೆ ನಮಗಿಲ್ಲ ಅಂದ್ರು. ಲಿಫ್ಟ್ ಬೇಡ ಸಾರ್, ಪ್ಲಗ್ ಇದ್ಯಾ ಅಂದೆ.”

ಅವಳ ತುಟಿ ಅಲುಗಿತು. ಅಪ್ಪನ ದನಿ ಹಾಗೇ ಕೇಳಿಸಿತ್ತು. ತಕ್ಷಣ ಬಿಗಿಮಾಡಿಕೊಂಡಳು.

“ಇಸ್ತ್ರಿ ಟೇಬಲ್ ಪಕ್ಕದ ಪ್ಲಗ್ ಕೊಟ್ರು, ನೀರು ಕೊಟ್ರು. ನೂಡಲ್ಸ್ ಬೇಯೋವಾಗ ತಲೆ ಎತ್ತಿದ್ರೆ ಗೋಡೆ ಮೇಲೆ ಒಂದು ಫೋಟೋ. ಸ್ಕೂಲ್ ಯೂನಿಫಾರಂ, ಎರಡು ಕೈಯಲ್ಲಿ ಎರಡು ಲೋಟ ನೀರು, ಕ್ಯಾಮೆರಾದವನನ್ನೂ ಕಳ್ಳನ ಥರ ನೋಡ್ತಿರೋ ಮುಖ. ಇನ್ಯಾರು ಇರ್ತಾರೆ ಹಾಗೆ?”

“ನನಗೆ ಯಾಕೆ ಹೇಳ್ಲಿಲ್ಲ?”

“ಅವರ ಹೆಸರೆತ್ತಿದ್ರೆ ನೀನು ಎದ್ದು ಹೋಗ್ತಿದ್ದೆ. ಇನ್ನೊಂದ್ಸಲ ಹೋದೆ, ಸುಮ್ನೆ. ಉಪ್ಪು ಕಮ್ಮಿ ಅಂತ ಹೇಳೋಕೆ ಅವರೇ ಒಂದು ಚಮಚ ರುಚಿ ನೋಡಿದ್ರು. ಈ ಸಲ ಇಬ್ಬರಿಗೂ ಹಾಕ್ದೆ. ಬೇಯ್ತಾ ಇತ್ತು. ಆಗ ಹೇಳ್ದೆ, ನಿಮ್ಮ ಮಗಳನ್ನ ಮದುವೆ ಆಗೋಕೆ ಕೇಳಿದ್ದೀನಿ, ನೀವು ಬಂದು ನಿಲ್ಬೇಕು ಅಂತ.”

“ಆಮೇಲೆ?”

“ಪ್ಲಗ್ ಕಿತ್ರು. ಪಾತ್ರೆ ಎತ್ಕೊಂಡು ಹೋಗು ಅಂದ್ರು. ಅರ್ಧ ಬೆಂದಿದ್ದನ್ನ ಬಸ್‌ಸ್ಟ್ಯಾಂಡಲ್ಲಿ ತಿಂದೆ. ತೊಳೆಯೋಕೆ ಮನಸ್ಸೇ ಬರ್ಲಿಲ್ಲ.” ಅವನು ಪಾತ್ರೆಯ ಕಡೆ ನೋಡಿದ. “ಹೂಂ ಅನ್ನಿಸ್ಕೊಂಡು ಬಂದು ಹೇಳೋಣ ಅಂತಿದ್ದೆ. ಉಹೂಂ ಅನ್ನಿಸ್ಕೊಂಡು ಬಂದು ಏನು ಹೇಳ್ಲಿ?”

ಕೆಳಗಿನ ರಸ್ತೆಯಲ್ಲಿ ಯಾರೋ ಬೈಕಿಗೆ ಒದ್ದು ಒದ್ದು ಸೋಲುತ್ತಿದ್ದರು. ಅವಳಿಗೆ ನಂಬಬೇಕೆನಿಸಿತು. ನಂಬುವುದಕ್ಕೆ ಕೈಯಲ್ಲಿ ಅಂಕಿ ಇರಲಿಲ್ಲ.

“ರಿಪೋರ್ಟ್ ಬಗ್ಗೆ ಏನಂದ್ರು?”

“ರಿಪೋರ್ಟ್ ಸರಿಯಾಗೇ ಇತ್ತು ಅಂದ್ರು.”

ಅವಳು ತಲೆಯೆತ್ತಿದಳು.

“ತಪ್ಪು ನಂದೇ, ನೀರು ಬಿಟ್ಟಿದ್ದು ನಾನೇ ಅಂದ್ರು. ಆದ್ರೆ ಸಹಿ ಹಾಕೋಕೆ ಮುಂಚೆ ಒಂದು ಫೋನ್ ಮಾಡಿ, ಯಾಕಪ್ಪಾ ಹೀಗೆ ಮಾಡ್ದೆ ಅಂತ ಕೇಳ್ಬಹುದಿತ್ತು, ಕೇಳ್ಲಿಲ್ಲ ಅಂದ್ರು. ಅಷ್ಟೇ ಹೇಳಿದ್ದು. ಹೇಳಿ ಪ್ಲಗ್ ಕಿತ್ರು.”

ಅವನು ಚೀಟಿಯನ್ನು ನಾಲ್ಕಾಗಿ ಮಡಚಿ ಅವಳ ಅಂಗೈಯಲ್ಲಿಟ್ಟ. ಬೈದಿದ್ದರೆ ಚೆನ್ನಾಗಿತ್ತು. ಅವನ ದನಿ ಮೆತ್ತಗೇ ಇತ್ತು.

“ಗುರುವಾರದಿಂದ ಅನುಮಾನ ಇತ್ತು ಅಲ್ವಾ? ನನ್ನನ್ನೂ ಕೇಳ್ಲಿಲ್ಲ ನೀನು.”

“ಕೇಳ್ದೆನಲ್ಲ. ನೀರು ಹೇಗಿತ್ತು ಅಂತ.”

“ಅದು ಕೇಳಿದ್ದಲ್ಲ ಕಣೇ. ಸ್ಯಾಂಪಲ್ ತಗೊಂಡಿದ್ದು.”

ಅವಳ ಕಿವಿಯವರೆಗೆ ಬಿಸಿ ಏರಿತು. ಅವನು ಎದ್ದು ಹೋಗುವನೆಂದು ಕಾದಳು. ಅವನು ಎದ್ದ, ಚಾಕು ಹುಡುಕಿ ಅಣಬೆ ಹೆಚ್ಚಲು ಕೂತ. ಅವನ ಬೆನ್ನು ಮಾತ್ರ ಅವಳ ಕಡೆಗಿತ್ತು, ಸ್ವಲ್ಪ ಬಾಗಿ, ಸ್ವಲ್ಪ ನೊಂದು. ಅವಳು ಚೀಟಿಯನ್ನು ಕಟ್ಟೆಯ ಮೇಲಿಟ್ಟಳು. ಆ ಬೆನ್ನನ್ನೇ ಕೇಳಿದಳು.

“ನಾಳೆ ನನ್ನ ಜೊತೆ ಬರ್ತೀಯಾ?”

“ಎಲ್ಲಿಗೆ?”

“ನೀನು ಬರ್ತೀಯಾ ಅಂತ ಮೊದಲು ಹೇಳು.”

“ನೋಡಿದ್ಯಾ, ಮತ್ತೆ ಶುರುವಾಯ್ತು” ಎಂದ ಅವನು. ಬೆನ್ನು ನಕ್ಕಿತು.

*

ಭಾನುವಾರ ಲಾಂಡ್ರಿಗೆ ಬಿಡುವಿಲ್ಲದ ದಿನ. ಹೋಟೆಲುಗಳ ಬೆಡ್‌ಶೀಟುಗಳು ಹಗ್ಗ ಹಗ್ಗದ ಮೇಲೂ ಹಾರಾಡುತ್ತಿದ್ದವು.  ಬಸ್ಸಿನ ಎರಡು ಗಂಟೆಯಲ್ಲಿ ಅವನು ಭಾನುವಾರದ ಉತ್ತರವನ್ನು ಕೇಳಿರಲಿಲ್ಲ. ಲಾಂಡ್ರಿಯ ಬಾಗಿಲ ಹೊರಗೇ ಅವನು ನಿಂತ. ಇಲ್ಲಿಂದಾಚೆ ನಿನ್ನದು ಎಂಬಂತೆ ಹುಬ್ಬು ಎತ್ತಿದ.

ಅಪ್ಪ ಟೇಬಲ್ಲಿನ ಹಿಂದೆ ಇಸ್ತ್ರಿ ಒತ್ತುತ್ತಿದ್ದ. ಕೂದಲು ಹಿಂದೆ ಸರಿದಿತ್ತು, ತೋಳು ಮೊದಲಿನಂತೆಯೇ ಗಟ್ಟಿ. ಒಳಗೆ ಬಂದ ನೆರಳನ್ನು ಕಂಡ. ತಲೆ ಎತ್ತಲಿಲ್ಲ. ಇಸ್ತ್ರಿ ಒಂದೇ ಜಾಗದಲ್ಲಿ ಅರೆಗಳಿಗೆ ಹೆಚ್ಚು ನಿಂತಿತು.

“ಒಗೆಯೋದಾ, ಇಸ್ತ್ರಿನಾ?” ಯಾವ ಗಿರಾಕಿಗಾದರೂ ಕೇಳುವ ಹಾಗೆ ಕೇಳಿದ.

“ಕೇಳೋದು” ಎಂದಳು ಅವಳು.

ಅಪ್ಪ ಇಸ್ತ್ರಿಯನ್ನು ನೆಟ್ಟಗೆ ನಿಲ್ಲಿಸಿದ. ಹಿಂದೆ ಮೆಷಿನ್ನು ತಿರುಗುತ್ತಲೇ ಇತ್ತು.

“ಕೇಳು.”

“ಆವತ್ತು ಸಹಿ ಹಾಕೋಕೆ ಮುಂಚೆ ಫೋನ್ ಮಾಡ್ಬೇಕಿತ್ತು. ಮಾಡಿದ್ರೆ ಸಹಿ ಹಾಕೋಕೆ ಕೈ ಬರಲ್ಲ ಅಂತ ಭಯ ಇತ್ತು. ಅದಕ್ಕೇ ಮಾಡ್ಲಿಲ್ಲ ಅಪ್ಪ.”

“ಇದು ಕೇಳೋದಾ, ಹೇಳೋದಾ?”

“ಹೇಳೋದು. ಕೇಳೋದು ಇನ್ನೊಂದಿದೆ.” ಅವಳು ಬಾಗಿಲ ಕಡೆ ಕೈ ತೋರಿಸಿದಳು. “ಹೊರಗೆ ನಿಂತಿದಾನಲ್ಲ, ಅವನನ್ನ ನಾನು ಮದುವೆ ಆಗ್ತಿದ್ದೀನಿ. ನನ್ನ ಕಡೆಯಿಂದ ನೀನು ಬಂದು ನಿಲ್ತೀಯಾ?”

ಬಾಗಿಲ ಹೊರಗೆ ಏನೋ ಬಿದ್ದ ಸದ್ದಾಯಿತು. ಅವನ ಕೈಯಿಂದ ನೀರಿನ ಬಾಟಲಿ ಜಾರಿತ್ತು.

ಅಪ್ಪ ಬಾಗಿಲ ಕಡೆಗೊಮ್ಮೆ, ಮಗಳ ಕಡೆಗೊಮ್ಮೆ ನೋಡಿದ. ಮುಖ ಒರೆಸಿಕೊಳ್ಳಲು ಯಾರದೋ ದಿಂಬಿನ ಕವರ್ ಕೈಗೆತ್ತಿಕೊಂಡು, ಅದು ಗಿರಾಕಿಯದೆಂದು ನೆನಪಾಗಿ ವಾಪಸ್ ಇಟ್ಟ.

“ಯಾವತ್ತು?” ಎಂದ.

ಅವಳಿಗೆ ಗೊತ್ತಿರಲಿಲ್ಲ. ತಿರುಗಿದಳು. ಅವನು ಹೊಸ್ತಿಲ ಮೇಲೆ ಬಂದು ನಿಂತಿದ್ದ, ಪ್ಯಾಂಟು ಮೊಣಕಾಲವರೆಗೆ ಒದ್ದೆ, ಎಡಗಣ್ಣು ಆಗಲೇ ಕಿರಿದಾಗಿತ್ತು.

“ಯಾವತ್ತು?” ಎಂದು ಅವನನ್ನು ಕೇಳಿದಳು. ಅವನು ಏನು ಹೇಳಿದರೂ ನಂಬುವ ಮುಖದಲ್ಲಿ ಕಾದಳು.