ಸಂತ ಲೂಸಿಯಾಳ ದಿನದ ಪೀತು

"ಇನ್ನೂ ಆರು ಕಟ್ಟಿಕೊಡಿ!"

ಅನ್ಸೆಲ್ಮೊ ಹೀಗಂದದ್ದೇ ತಡ, ಬೇಕರಿಯಲ್ಲಿದ್ದವರ ಕಾಫಿ ಕಪ್ಪುಗಳೆಲ್ಲ ತುಟಿಯ ಹತ್ತಿರವೇ ನಿಂತುಬಿಟ್ಟವು. ಕೌಂಟರಿನ ಹಿಂದಿದ್ದ ಇದಾಲಿನಾಳ ಮುಖ ಕೆಂಪಗಾಯಿತು.

"ಆರಾ...?"

"ಹೂಂ, ಬಸ್ ಡಿಪೋದಲ್ಲಿ ಗೆಳೆಯರಿದ್ದಾರಲ್ಲ. ಇಷ್ಟು ರುಚಿಯಾದ್ದನ್ನ ಒಬ್ಬನೇ ತಿಂದ್ರೆ ಹೊಟ್ಟೆನೋವು ಬರುತ್ತೆ!"

ಅಯ್ಯೋ ಪುಣ್ಯಾತ್ಮ! ಸಿಹಿಗುಂಬಳದ ಹೂರಣ ತುಂಬಿದ ಆ ಪೀತು ಎಂಬ ತಿಂಡಿಯನ್ನು ಅವನು ಕೇಳಿರಲಿಲ್ಲ. ಅವಳೇ ತಟ್ಟೆಯಲ್ಲಿಟ್ಟಿದ್ದಳು. ಡಿಸೆಂಬರಿನಲ್ಲಿ ಸಂತ ಲೂಸಿಯಾಳ ದಿನ, ಅಂದರೆ ಇವತ್ತು, ಈ ವಿಲಾ ರಿಯಾಲ್ ಊರಿನ ಹೆಣ್ಣು ಪೀತು ಕೊಡುವುದು ಮನಸ್ಸಿಗೆ ಹಿಡಿಸಿದವನಿಗೆ. ಅವನಿಗೂ ಮನಸ್ಸಿದ್ದರೆ ಫೆಬ್ರವರಿ ಮೂರರಂದು, ಸಂತ ಬ್ರಾಸನ ದಿನ, ಗಾಂಶಾ ಎಂಬ ಕೋಲು ಮಿಠಾಯಿ ತಂದುಕೊಡಬೇಕು. ಇಲ್ಲಿ ಹಲ್ಲು ಬಾರದ ಮಕ್ಕಳಿಗೂ ಗೊತ್ತಿರುವ ಸಂಗತಿ. ಆದರೆ ಮೂರು ತಿಂಗಳ ಹಿಂದೆ ದಕ್ಷಿಣದ ತವೀರಾದಿಂದ ಬಂದ ಬಸ್ ಡ್ರೈವರಿಗೆ ಹೇಳಿದವರು ಯಾರು?

'ನನ್ನ ಮನಸ್ಸು ಇವನಿಗೆ ಅಷ್ಟು ಅಗ್ಗವಾ...? ಊರಿಗೆಲ್ಲ ಹಂಚೋದಾ?'

ಆರನ್ನೂ ಕಟ್ಟಿಕೊಟ್ಟಳು. ದಾರ ಬಿಗಿದ ರಭಸಕ್ಕೆ ಪೆಟ್ಟಿಗೆಯೇ ಸೊಟ್ಟಗಾಯಿತು.

ಅಂದಿನಿಂದ ಅವನ ಕಾಫಿಯನ್ನು ಅವಳು ಮೇಜಿನ ಮೇಲೆ ಕುಕ್ಕತೊಡಗಿದಳು. ಅವನು ಪ್ರತಿದಿನ ಬರುತ್ತಿದ್ದ. ಬಿಸಿ ಕಸ್ಟರ್ಡ್ ಪೇಸ್ಟ್ರಿಯ ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿ, ಕಣ್ಣು ಮುಚ್ಚಿ ಸವಿಯುತ್ತಿದ್ದ. ಕಣ್ಣು ತೆರೆದರೆ ಅವಳನ್ನೇ ನೋಡುತ್ತಿದ್ದ. ಅವಳು ಮಾತ್ರ ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದಳು.

ಫೆಬ್ರವರಿ ಮೂರು ಬಂತು. ಬೀದಿಯಲ್ಲಿ ಹೆಂಗಸರ ಕೈಯಲ್ಲೆಲ್ಲ ಗಾಂಶಾ. ಸಂಜೆ ಅನ್ಸೆಲ್ಮೊ ಬರಿಗೈಯಲ್ಲೇ ಬಂದ.

"ವರ್ಗಾವಣೆಗೆ ಅರ್ಜಿ ಬರ್ದಿದ್ದೀನಿ. ನಾಳೆ ಕೊಡ್ತೀನಿ. ತವೀರಾಕ್ಕೇ ವಾಪಸ್ ಹೋಗ್ತೀನಿ."

"ಒಳ್ಳೇದಾಯ್ತು," ಎಂದಳು ಇದಾಲಿನಾ. ಒರೆಸಿಟ್ಟ ತಟ್ಟೆಯನ್ನೇ ಎತ್ತಿಕೊಂಡು ಮತ್ತೆ ಒರೆಸಿದಳು.

ಬೇಕರಿಯ ಒಡತಿ, ಅವಳ ಸೋದರತ್ತೆ ಕಿಟೇರಿಯಾಗೆ ತಡೆಯಲಾಗಲಿಲ್ಲ.

"ಏನಯ್ಯಾ! ನನ್ನ ಹುಡುಗಿ ಕೊಟ್ಟ ಪೀತು ತಿಂದು ಅರಗಿಸಿಕೊಂಡೆ. ಎಲ್ಲಿ ಗಾಂಶಾ?"

"ಗಾಂಶಾ... ಅಂದ್ರೆ?"

"ಅತ್ತೇ, ಸುಮ್ನಿರಿ!"

ಅತ್ತೆ ಸುಮ್ಮನಿರುವ ಜಾತಿಯಲ್ಲ. ಎಲ್ಲವನ್ನೂ ಹೇಳಿಬಿಟ್ಟಳು. ಅನ್ಸೆಲ್ಮೊ ಹೊರಗೆ ಓಡಿದ. ಕಾಲು ಗಂಟೆ ಬಿಟ್ಟು ಏದುಸಿರು ಬಿಡುತ್ತಾ ಮರಳಿದ. ಕೈ ಖಾಲಿ!

"ಎಲ್ಲಾ ಮುಗ್ದೋಗಿದೆ ಇದಾಲಿನಾ... ಒಂದೂ ಸಿಗ್ಲಿಲ್ಲ. ನನ್ನ ಕಂಡ್ರೆ ನಿಮಗೆ ಆಗಲ್ಲ ಅಂದ್ಕೊಂಡೆ. ಅದಕ್ಕೇ ಹೊರಟಿದ್ದೆ."

"ದಿನಾ ಬಂದು ತಿಂಡಿ ತಿಂತಿದ್ರಲ್ಲ?"

"ತಿಂಡಿ ಚೆನ್ನಾಗಿರುತ್ತೆ, ಸುಳ್ಳು ಹೇಳಲ್ಲ. ಆದ್ರೆ ನಾನು ಬರ್ತಿದ್ದದ್ದು ಅದನ್ನ ತಂದಿಡೋರನ್ನ ನೋಡೋಕೆ."

ಅವಳ ಕಣ್ಣುಗಳು ತುಂಬಿ ಬಂದವು. ಏಪ್ರನ್ ಬಿಚ್ಚಿದಳು. ಎರಡು ಬಿಸಿ ಪೇಸ್ಟ್ರಿ ಹಿಡಿದು ಕೌಂಟರ್ ದಾಟಿ ಬಂದು, ಅವನ ಎದುರಿನ ಕುರ್ಚಿಯಲ್ಲಿ ಕುಳಿತಳು. ಬೇಕರಿಯಲ್ಲಿ ದುಡಿದ ಒಂಬತ್ತು ವರ್ಷದಲ್ಲಿ ಗಿರಾಕಿಗಳ ಕಡೆ ಅವಳು ಕುಳಿತದ್ದು ಅದೇ ಮೊದಲು.

"ಅತ್ತೇ, ಎರಡು ಕಾಫಿ!"

ಆಮೇಲೆ ಅವನ ಕಡೆ ಕೈಚಾಚಿದಳು.

"ಆ ಅರ್ಜಿ ಕೊಡಿ ಇಲ್ಲಿ."

ಜೇಬಿನಿಂದ ತೆಗೆದು ಕೊಟ್ಟ. ಅವಳು ಅದನ್ನು ಮೇಜಿನ ಮೇಲೆ ಹಾಸಿ, ಮೇಲೆ ಎರಡೂ ಪೇಸ್ಟ್ರಿ ಇಟ್ಟಳು. ಬೆಣ್ಣೆಯ ಜಿಡ್ಡು ಅಕ್ಷರಗಳ ಮೇಲೆ ಮೆಲ್ಲಗೆ ಹರಡಿತು.

"ಇನ್ನು ಇದನ್ನ ಯಾವ ಆಫೀಸಿನವರೂ ತಗೊಳ್ಳಲ್ಲ," ಎಂದಳು.

"ನಾನೂ ಕೊಡಲ್ಲ."

"ಹಾಗಾದ್ರೆ ತಿನ್ನಿ... ಆರಿಹೋಗುತ್ತೆ."