ಗೋಂದಿನ ಪಾಳಿ

ಒಂದು ಚೀಲಕ್ಕೆ ಒಂದು ಹಾಳೆ ಬ್ರೌನ್ ಪೇಪರ್, ಹಿಡಿಕೆಗೆ ನಾಲ್ಕು ಗೇಣು ಲಾಡಿ, ಒಂದು ಚಮಚ ಗೋಂದು. ನಲವತ್ತು ಚೀಲಕ್ಕೆ ನಲವತ್ತು ಹಾಳೆ, ನೂರ ಅರವತ್ತು ಗೇಣು ಲಾಡಿ, ಒಂದು ಡಬ್ಬಿ ಗೋಂದು. ಐದನೇ ಕ್ಲಾಸಿನ ಲೀಡರ್ ಬೆರಳು ಮಡಚಿ ಲೆಕ್ಕ ಹಾಕಿದಳು. ಲೆಕ್ಕ ಸರಿಯಾಗಿತ್ತು. ಚೀಲಗಳು ಸರಿಯಾಗಿರಲಿಲ್ಲ.

"ಇದೂ ಕಿತ್ತು ಬಂತು," ಎಂದು ಹಿಡಿಕೆಯನ್ನು ಎತ್ತಿ ತೋರಿಸಿದಳು. "ಗೋಂದು ಹಚ್ತಿದ್ದೀಯೋ, ಗೋಂದಿಗೆ ಪೇಪರ್ ತೋರಿಸಿ ವಾಪಸ್ ಇಡ್ತಿದ್ದೀಯೋ?"

ಎಲ್ಲರೂ ಕಡ್ಡಿ ಎಂದು ಕರೆಯುವ ಹುಡುಗ ತನ್ನ ಅಂಟು ಬೆರಳುಗಳನ್ನೇ ನೋಡಿಕೊಂಡ. ಪಕ್ಕದಲ್ಲಿ ಪೇಪರ್ ಮಡಚುತ್ತಿದ್ದ ಗೆಳತಿ ಬುಗುರಿ ಆಕಳಿಸಿದಳು. ಬಣ್ಣದ ಪೆನ್ನುಗಳೆಲ್ಲ ಲೀಡರ್ ತೊಡೆಯ ಮೇಲಿದ್ದವು. ಚೀಲದ ಮೇಲೆ ಚಿತ್ರ ಬರೆಯುವ ಕೆಲಸ ಅವಳದು. ಹಾಗೆಂದು ತೀರ್ಮಾನಿಸಿದವಳೂ ಅವಳೇ.

ಶನಿವಾರ ಲೈಬ್ರರಿಯಲ್ಲಿ ಹಳೇ ಪುಸ್ತಕಗಳ ಮಾರಾಟ, ಚೀಲಗಳು ಅದಕ್ಕೇ. "ನಾಳೆ ಸಂಜೆಯೊಳಗೆ ಇಪ್ಪತ್ತು ಗಟ್ಟಿ ಚೀಲವಾದ್ರೂ ಆಗದಿದ್ರೆ ಕೆಲಸ ಬಿ ಸೆಕ್ಷನ್‌ಗೆ," ಎಂದಿದ್ದರು ಮಿಸ್. ಆಗಿದ್ದು ಏಳು. ಲಾಡಿಯೂ ಮುಗಿದಿತ್ತು.

ಸಂಜೆ ಲೀಡರ್ ಲಾಡಿ ಕೇಳಲು ಚಿಕ್ಕಮ್ಮನ ಟೈಲರಿಂಗ್ ಅಂಗಡಿಗೆ ಹೋದಳು. ಅಲ್ಲಿ ನಾಲ್ಕು ಮಷಿನ್. ಬೆಳಕು, ಗಾಳಿ ಎಲ್ಲ ಕಿಟಕಿ ಪಕ್ಕದ ಮಷಿನ್‌ಗೇ. ಚಿಕ್ಕಮ್ಮ ಮಾತ್ರ ಕತ್ತಲೆ ಮೂಲೆಯಲ್ಲಿ, ಕೆಮ್ಮುತ್ತಾ ಓಡುವ ಹಳೇ ಮಷಿನ್ ತುಳಿಯುತ್ತಿದ್ದಳು.

"ಚಿಕ್ಕಮ್ಮ, ಅಂಗಡಿ ನಿಂದಲ್ವಾ? ಮೂಲೇಲಿ ಯಾಕೆ ಕೂತಿದ್ದೀಯ?"

"ಈ ವಾರ ಮೂಲೆ ಪಾಳಿ ನಂದು ಕಣೇ."

ಕಿಟಕಿ ಪಕ್ಕದ ಟೈಲರ್ ತಾತ ಕನ್ನಡಕದ ಮೇಲಿಂದ ನೋಡಿದರು. "ಮೊದ್ಲು ನಿಮ್ಮ ಚಿಕ್ಕಮ್ಮ ಈ ಕಿಟಕಿ ಬಿಟ್ಟು ಏಳ್ತಾನೇ ಇರ್ಲಿಲ್ಲ. ಆಗ ನಾನು ಆ ಮೂಲೇಲಿ ಕೂತು ಒಂದು ಶರ್ಟಿಗೆ ಎರಡೂ ಎಡಗೈ ತೋಳೇ ಹೊಲಿದಿದ್ದೆ."

"ಬೇಕಂತಾನಾ ತಾತ?"

"ಬೇಕಂತ ಅಲ್ಲ ಪುಟ್ಟಿ. ಕೈ ಮೂಲೇಲಿತ್ತು, ಮನಸ್ಸು ಕಿಟಕಿ ಹತ್ರ ಇತ್ತು."

"ಆ ಶರ್ಟಿನ ಯಜಮಾನರ ಬಾಯಿಗೆ ಸಿಕ್ಕಿದ್ದು ನಾನು," ಎಂದು ಚಿಕ್ಕಮ್ಮ ಲಾಡಿಯ ಉಂಡೆ ಎಸೆದಳು.

ಲೀಡರ್ ನಗುತ್ತಾ ಉಂಡೆ ಹಿಡಿದಳು. ಮನೆಗೆ ಹೋಗುವಾಗ ಬ್ಯಾಗಿನಲ್ಲಿದ್ದ ಬಣ್ಣದ ಪೆನ್ನುಗಳನ್ನು ಎಣಿಸುತ್ತಾ ನಡೆದಳು.

ಮರುದಿನ ಅವಳು ಪೆನ್ನುಗಳನ್ನೆಲ್ಲ ನಡುವೆ ಸುರಿದಳು. "ಕಡ್ಡಿ, ಗೋಂದಿನ ಡಬ್ಬಿ ಇಲ್ಲಿ ಕೊಡು. ಚಿತ್ರ ನೀನು ಬರಿ."

"ಜ್ವರ ಬಂದಿದ್ಯಾ?" ಎಂದ ಕಡ್ಡಿ.

"ಹತ್ತು ಚೀಲ ಆದ್ಮೇಲೆ ಪಾಳಿ ಬದಲು. ಬೇರೆ ಥರ ಬೇಕಿದ್ರೆ ಹೇಳಿ."

"ಐದು ಸಾಕು," ಎಂದಳು ಬುಗುರಿ. "ಹತ್ತಾದ್ರೆ ಬೆರಳಿಗೆ ಬೆರಳೇ ಅಂಟಿಕೊಳ್ಳತ್ತೆ."

ಲೀಡರ್ ಬೆರಳು ಮಡಚಿ ಲೆಕ್ಕ ಹಾಕಿದಳು. "ಸರಿ, ಐದು."

ಕಡ್ಡಿ ಆನೆ ಬರೆದ. ಅದು ಕೆಟಲಿನ ಹಾಗಿತ್ತು. ಲೀಡರ್ ಕೈ ಪೆನ್ನಿನತ್ತ ಹೋಗಿ, ಮತ್ತೆ ಗೋಂದಿನ ಡಬ್ಬಿಗೇ ವಾಪಸ್ ಬಂತು. ಕಡ್ಡಿ ನಾಲಿಗೆ ಕಚ್ಚಿಕೊಂಡು, ಕೆಟಲಿಗೆ ಬಾಲ ಬರೆಯುವುದರಲ್ಲಿ ಮುಳುಗಿದ್ದ.

ಸಂಜೆ ಮಿಸ್ ಒಂದೊಂದೇ ಹಿಡಿಕೆ ಎಳೆದು ನೋಡಿದರು. ಅಂದು ಮಾಡಿದ್ದು ಇಪ್ಪತ್ತಮೂರು ಚೀಲ. ಒಂದರ ಹಿಡಿಕೆಯೂ ಕಿತ್ತು ಬರಲಿಲ್ಲ. ಅವುಗಳಲ್ಲಿ ಲೀಡರ್ ಚಿತ್ರ ಬರೆದದ್ದು ಎಂಟೇ.