ತಾಯತದೊಳಗಿನ ಗಾಯ

“ಬಿಚ್ಚಬ್ಯಾಡ ತಂಗಿ. ಅದರಾಗ ನಿಮ್ಮ ಮುತ್ಯಾನ ಗಾಯ ಐತಿ.”

ಭೀಮಬಾಯಿ ಕೊರಳಿನ ತಾಮ್ರದ ತಾಯತವನ್ನು ತೆಗೆದು ಪ್ರತಿಭಾಳ ಅಂಗೈಯಲ್ಲಿಟ್ಟಳು. ಆಮೇಲೆ ಮೊಮ್ಮಗನ ಹೆಂಡತಿಯ ಬೆರಳುಗಳನ್ನು ತಾನೇ ಒಂದೊಂದಾಗಿ ಮಡಚಿ ಮುಷ್ಟಿ ಮಾಡಿದಳು. ಕಣ್ಣಿನ ಆಸ್ಪತ್ರೆಯ ಹಸಿರು ಅಂಗಿಯಲ್ಲಿ ಮುದುಕಿ ಇನ್ನೂ ಸಣ್ಣಗೆ ಕಾಣುತ್ತಿದ್ದಳು. ಪೊರೆ ತೆಗೆಯುವಾಗ ಮೈಮೇಲೆ ಲೋಹ ಇರಕೂಡದೆಂದು ನರ್ಸು ಗದರಿದ್ದಕ್ಕೇ ಆ ತಾಯತ ಆ ಕೊರಳನ್ನು ಬಿಟ್ಟಿದ್ದು.

ಪ್ರತಿಭಾಗೆ ನಗು ಬಂತು. “ಗಾಯನ ಡಬ್ಬೀಲಿ ಹಾಕಿಡೋಕೆ ಅದೇನು ಉಪ್ಪಿನಕಾಯಾ ಆಯಿ?”

“ನಗು. ನಗೋದು ಬ್ಯಾಡ ಅನ್ನಂಗಿಲ್ಲ. ಬಿಚ್ಚಬ್ಯಾಡ ಅಷ್ಟ. ಬಿಚ್ಚಿದ್ರ ಅದು ಸುಮ್ನ ಕೂಡಂಗಿಲ್ಲ. ನನ್ನ ವಾರಸುದಾರ ಯಾರು ಅಂತ ಹುಡುಕ್ಕೋತ ಹೊಂಡತೈತಿ.”

“ಆಯ್ತು, ಮುಟ್ಟಲ್ಲ. ಹೋಗ್ಬನ್ನಿ.”

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಮುಷ್ಟಿಯೊಳಗಿನ ತಾಯತ ಬೆಚ್ಚಗಿತ್ತು. ಮುದುಕಿಯ ಮೈ ಬಿಸಿ ಇರಬೇಕು ಎಂದುಕೊಂಡಳು ಪ್ರತಿಭಾ.

ಅವಳು ಕೆ.ಆರ್. ಪುರದ ಹುಡುಗಿ. ಮಾರತ್ತಹಳ್ಳಿಯ ಆಫೀಸೊಂದರಲ್ಲಿ ಕೆಲಸ. ಶಿವಪುತ್ರನನ್ನು ಮೆಚ್ಚಿ ಮದುವೆಯಾಗಿ, ಶಿವಾಜಿನಗರದ ಬಾಡಿಗೆ ಕೋಣೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮದುವೆಯ ಊಟದ ಪಂಕ್ತಿಯಲ್ಲಿ ಗಂಡನ ಊರು ಇಂಡಿಯ ಕಡೆಯಿಂದ ಬಂದಿದ್ದ ನೆಂಟನೊಬ್ಬ, “ಸುಳ್ಳು ಗಾಯದ ಜಟ್ಟೆಪ್ಪನ ಮನೀಗಿ ಸೊಸಿ ಬಂದಳಪಾ” ಎಂದು ಕೂಗಿದಾಗ ಇಡೀ ಸಾಲು ನಕ್ಕಿತ್ತು. ಪಕ್ಕದಲ್ಲಿ ಕುಳಿತಿದ್ದ ಶಿವಪುತ್ರ ಕಲಸಿದ ಅನ್ನವನ್ನು ಬಾಯಿಗಿಡದೆ ಹಾಗೇ ಕೂತುಬಿಟ್ಟಿದ್ದ. ಆ ಕೈಯನ್ನು ಅವಳು ಮರೆತಿರಲಿಲ್ಲ.

ಜಟ್ಟೆಪ್ಪ ಶಿವಪುತ್ರನ ಮುತ್ಯಾ, ಅಂದರೆ ಅಜ್ಜ; ಭೀಮಬಾಯಿಯ ಗಂಡ. ಎಪ್ಪತ್ತೊಂದರ ಯುದ್ಧದಲ್ಲಿ ಸಿಪಾಯಿ. ತೊಡೆಗೆ ಶೆಲ್ಲಿನ ಚೂರು ಹೊಕ್ಕಿದೆಯೆಂದು ಇಲ್ಲಿಯ ಕಂಟೋನ್ಮೆಂಟಿನ ಆಸ್ಪತ್ರೆಗೆ ಬಂದು ಬಿದ್ದವನು. ನೋಡಿದರೆ ತೊಡೆಯಲ್ಲಿ ಗೀರೂ ಇಲ್ಲ. ಇಲ್ಲದ ಗಾಯ ಹೇಳಿಕೊಂಡು ಯುದ್ಧ ತಪ್ಪಿಸಿಕೊಂಡವನೆಂದು ಅವನನ್ನು ಮನೆಗೆ ಅಟ್ಟಿದರು. ಸಾಯುವವರೆಗೂ ಊರು ಅವನನ್ನು ಆ ಹೆಸರಿನಿಂದಲೇ ಕರೆಯಿತು. ಸತ್ತ ಮೇಲೂ ಬಿಡಲಿಲ್ಲ. ಶಿವಪುತ್ರ ಸೈನ್ಯಕ್ಕೆ ಸೇರಲೆಂದು ಸಾಲಿನಲ್ಲಿ ನಿಂತಿದ್ದಾಗ ಊರಿನವನೊಬ್ಬ ಹಿಂದಿನಿಂದ ಅದೇ ಹೆಸರು ಕೂಗಿದ್ದಕ್ಕೆ ಸಾಲು ಬಿಟ್ಟು ಬಂದಿದ್ದ. ಈಗ ಇಂದಿರಾನಗರದ ಅಪಾರ್ಟ್‌ಮೆಂಟೊಂದರ ಗೇಟಿನಲ್ಲಿ ನಿಂತು ಒಳಬರುವ ಕಾರುಗಳಿಗೆ ಸೆಲ್ಯೂಟ್ ಹೊಡೆಯುತ್ತಿದ್ದ.

ಭೀಮಬಾಯಿ ಹೇಳುವುದೇ ಬೇರೆ. ಗಾಯ ಆಗಿತ್ತು. ಚೂರು ತೆಗೆದ ಮೇಲೂ ಅದು ಮಾಯಲಿಲ್ಲ, ಕೊಳೆಯುತ್ತಲೇ ಹೋಯಿತು. ಗಂಡನ ಚೀರಾಟ ಕೇಳಲಾರದೆ ಆಕೆ ಹಲಸೂರು ಕೆರೆಯ ದಂಡೆಯಲ್ಲಿದ್ದ ಮುದುಕನೊಬ್ಬನ ಕಾಲಿಗೆ ಬಿದ್ದಳು. ಅವನು ಹೇಳಿಕೊಟ್ಟಂತೆ ಆ ಚೂರನ್ನು ತನ್ನ ತಲೆಗೂದಲಿನಲ್ಲಿ ಸುತ್ತಿ ಗಂಟು ಹಾಕಿ ತಾಯತದೊಳಗೆ ಮುಚ್ಚಿದಳು. ಬೆಳಗಾಗುವುದರಲ್ಲಿ ತೊಡೆ ನುಣ್ಣಗಾಗಿತ್ತು. ಚೂರು ತೆಗೆದ ಡಾಕ್ಟರೇ ಬಂದು, ಏನಾಗಿದೆ ನಿನಗೆ, ಯಾಕೆ ಮಲಗಿದ್ದೀಯ ಎಂದು ಕೇಳಿದನಂತೆ. “ಗಾಯ ಮೈಯಾಗಷ್ಟ ಮುಚ್ಚಲಿಲ್ಲ ತಂಗಿ, ಲೋಕದ ಕಣ್ಣಾಗ ಮುಚ್ಚಿತು. ಪಟದಾಗಿನ ಪಟ್ಟಿನೂ ಮಾಯ. ನೆನಪು ಉಳಿದಿದ್ದು ಕಟ್ಟಿದ ನನಗೊಬ್ಬಾಕಿಗಿ.”

ಆ ಪಟ ಕೋಣೆಯ ಗೋಡೆಯಲ್ಲಿತ್ತು. ಆಸ್ಪತ್ರೆಯ ಅಂಗಳದಲ್ಲಿ ಬೆಂಚಿನ ಮೇಲೆ ಕುಳಿತ ಗಾಯಾಳು ಸಿಪಾಯಿಗಳು. ಒಬ್ಬನ ತಲೆಗೆ ಪಟ್ಟಿ, ಒಬ್ಬನ ಕೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ. ನಡುವೆ ಜಟ್ಟೆಪ್ಪ, ತುಂಡು ಚಡ್ಡಿಯ ಕೆಳಗೆ ಬೋಳು ತೊಡೆ, ಕಾಲು ಚಾಚಿಕೊಂಡು, ದಾರಿ ತಪ್ಪಿ ಬಂದು ಕೂತವನಂತೆ. ಭೀಮಬಾಯಿ ದಿನಾ ಆ ಗಾಜನ್ನು ಸೆರಗಿನಿಂದ ಒರೆಸಿ ರಸೆಲ್ ಮಾರುಕಟ್ಟೆಯ ಒಂದು ಸೇವಂತಿಗೆ ಸಿಕ್ಕಿಸುತ್ತಿದ್ದಳು.

ಪ್ರತಿಭಾ ಗಾಯವನ್ನು ನಂಬಿದಳು, ಮಾಟವನ್ನು ನಂಬಲಿಲ್ಲ. ಯುದ್ಧದಲ್ಲಿ ಗಾಯಗೊಂಡವರಿಗೆ ಸತ್ತ ಮೇಲೂ ಪದಕ ಕೊಡುತ್ತಾರೆಂದು ತಿಳಿದು, ಆಯಿಗೆ ಕಣ್ಣು ಕಾಣದೆಂದು ವಾರಸುದಾರನ ಜಾಗದಲ್ಲಿ ಶಿವಪುತ್ರನ ಕೈಲಿ ಸಹಿ ಹಾಕಿಸಿ ಅರ್ಜಿ ಕೊಟ್ಟಿದ್ದಳು. ಗಾಯ ಕಣ್ಣಾರೆ ಕಂಡವರ ಸಾಕ್ಷಿ ಬೇಕು, ಈ ವಾರ ದಾಟಿದರೆ ಆಗುವುದಿಲ್ಲ ಎಂದಿದ್ದರು ಕಚೇರಿಯವರು. ಪಟದಲ್ಲಿ ಕೈ ಜೋಳಿಗೆ ಹಾಕಿಕೊಂಡು ಜಟ್ಟೆಪ್ಪನ ಪಕ್ಕ ಕೂತಿದ್ದ ಇನಾಯತ್ ಉಲ್ಲಾ ಇನ್ನೂ ಬದುಕಿದ್ದರು, ಎರಡೇ ಗಲ್ಲಿ ಆಚೆಗೆ. ಅವಳು ಹೋಗಿ ಕೇಳಿದಾಗ ಆ ಮುದುಕರು ನೊಂದುಕೊಂಡೇ ಹೇಳಿದ್ದರು: “ಗಾಯ ಆಗೇ ಇಲ್ಲ ಬೇಟಿ. ನನ್ನ ಪಕ್ಕದ ಹಾಸಿಗೆ ಅವನದು. ಸುಳ್ಳು ಸಾಕ್ಷಿ ಹೇಗೆ ಹೇಳಲಿ? ಆ ಚೂರಾದ್ರೂ ಇದ್ರೆ ತೋರಿಸು, ನೋಡೋಣ.”

ಆ ಚೂರು ಈಗ ಅವಳ ಮುಷ್ಟಿಯಲ್ಲಿತ್ತು.

ಮುದುಕಿಯನ್ನು ಸಂಜೆಗೆ ಬಿಡುತ್ತೇವೆ ಎಂದಿದ್ದರು. ಊಟ ತರುವ ನೆಪದಲ್ಲಿ ಪ್ರತಿಭಾ ಶಿವಾಜಿನಗರದ ಕೋಣೆಗೆ ಬಂದಳು. ಹಗಲಿನಲ್ಲೂ ಬಲ್ಬು ಬೇಕಾಗುವ ಕೋಣೆ. ಕಿಟಕಿ ಎದುರಿಗೇ ಕೋಳಿ ಅಂಗಡಿಯ ಗೋಡೆ. ಹೊರಗೆ ಬಸ್‌ಸ್ಟ್ಯಾಂಡಿನ ಕೂಗು, ಕತ್ತಿ ಬೀಳುವ ಸದ್ದು, ಒದ್ದೆ ಗರಿಗಳ ವಾಸನೆ. ಅವಳು ತಾಯತದ ಬಾಯಿಗೆ ಮೆತ್ತಿದ್ದ ಅರಗನ್ನು ಹೇರ್‌ಪಿನ್ನಿನಿಂದ ಕೆರೆದಳು. ಅರಗು ಒಣಗಿರಲಿಲ್ಲ. ಮೆತ್ತಗೆ, ಹಸಿ ಮಾಂಸದ ಹಾಗೆ ಕಿತ್ತು ಬಂತು.

ಒಳಗಿಂದ ಕೂದಲಿನ ಉಂಡೆ ಜಾರಿತು. ಕಪ್ಪು ಕೂದಲು. ಭೀಮಬಾಯಿಯ ಹರೆಯದ ಕೂದಲು. ಗಂಟಿನ ಮೇಲೆ ಗಂಟು. ಬಿಚ್ಚುತ್ತ ಹೋದಂತೆ ಸ್ಪಿರಿಟ್ಟಿನ ವಾಸನೆ ಬಂತು. ಅದರ ಹಿಂದೆಯೇ ಕೀವಿನ ವಾಸನೆ. ಹೊರಗೆ ಕತ್ತಿಯ ಸದ್ದು ನಿಂತಿತು. ಬಸ್ಸಿನ ಕೂಗೂ ನಿಂತಿತು. ಎಲ್ಲೋ ಬಹಳ ದೂರದಲ್ಲಿ ಗಂಡಸೊಬ್ಬ ಚೀರಿದ ಹಾಗಾಯಿತು. ಕೊನೆಯ ಗಂಟು ಬಿಚ್ಚಿಕೊಂಡಿತು. ಉಗುರಿನಷ್ಟು ಕಬ್ಬಿಣದ ಚೂರು ಅವಳ ಅಂಗೈಗೆ ಬಿತ್ತು. ಅದು ಒದ್ದೆಯಾಗಿತ್ತು.

ಮರುಕ್ಷಣ ಬೀದಿಯ ಸದ್ದು ತಿರುಗಿ ಬಂತು. ಪ್ರತಿಭಾ ಉಸಿರು ಬಿಟ್ಟು, ತನ್ನ ಹೆದರಿಕೆಗೆ ತಾನೇ ನಗಲು ಹೋಗಿ, ತಲೆ ಎತ್ತಿದಳು.

ಪಟದಲ್ಲಿ ಜಟ್ಟೆಪ್ಪನ ತೊಡೆಗೆ ಪಟ್ಟಿ ಇತ್ತು.

ಚಡ್ಡಿಯ ಅಂಚಿನಿಂದ ಮೊಣಕಾಲಿನವರೆಗೆ ಬಿಗಿದ ದಪ್ಪ ಪಟ್ಟಿ. ನಡುವೆ ಕಪ್ಪು ಕಲೆ. ಅವನ ಮುಖವೂ ಬೇರೆಯಾಗಿತ್ತು. ಹಲ್ಲು ಕಚ್ಚಿ ನೋವು ನುಂಗುವವನ ಮುಖ.

ಬಾಗಿಲು ಬಡಿದ ಸದ್ದಾಯಿತು. ಇನಾಯತ್ ಉಲ್ಲಾ. ತಲೆಯ ಮೇಲೆ ಟೋಪಿಯಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ, ಗಡ್ಡವೆಲ್ಲ ಕಣ್ಣೀರು.

“ಬೇಟಿ, ನೆನಪಾಯ್ತು! ಊಟಕ್ಕೆ ಕೂತಿದ್ದೆ, ಒಮ್ಮೆಗೇ ನೆನಪಾಯ್ತು. ಅರೆ, ನನ್ನನ್ನ ಹೊತ್ಕೊಂಡು ಓಡ್ದ ಅವನು! ಆ ಚೂರು ನನಗೆ ಬರೋದಿತ್ತು. ಅವನ ತೊಡೆಗೆ ಬಿತ್ತು. ಇಷ್ಟು ವರ್ಷ ನಾನು... ಯಾ ಅಲ್ಲಾ, ನಾನೂ ಅವನನ್ನ ಸುಳ್ಳುಗಾರ ಅಂದ್ನಲ್ಲ!” ಅವರು ಪಟವನ್ನು ಗೋಡೆಯಿಂದ ತೆಗೆದು ಮಗುವಿನಂತೆ ಎದೆಗೊತ್ತಿಕೊಂಡರು. “ನಡಿ, ಎಲ್ಲಿ ಸೈನ್ ಹಾಕ್ಬೇಕು? ಈಗಲೇ ನಡಿ!”

ಪ್ರತಿಭಾಳಿಗೆ ಅಳು, ನಗು ಎರಡೂ ಬಂದವು. ಪದಕ ಬರುತ್ತದೆ. ಶಿವು ಇನ್ನು ತಲೆ ತಗ್ಗಿಸಬೇಕಾಗಿಲ್ಲ. ಹೇಳಲೆಂದು ಅವಳು ಫೋನು ಎತ್ತಿಕೊಂಡಳು. ಅದು ತಾನೇ ಬಡಿದುಕೊಂಡಿತು.

ಗೇಟಿನ ಇನ್ನೊಬ್ಬ ಕಾವಲುಗಾರ. “ಅಕ್ಕಾ, ಬೇಗ ಬನ್ನಿ. ಶಿವಪುತ್ರ ಸೆಲ್ಯೂಟ್ ಹೊಡೀತಾ ಇದ್ದಂಗೇ ಬಿದ್ಬಿಟ್ಟ. ಕಾಲೆಲ್ಲ ರಕ್ತ. ಏನ್ ತಗುಲ್ತೋ ಗೊತ್ತಿಲ್ಲ ಅಕ್ಕಾ, ಪ್ಯಾಂಟು ಹರಿದೇ ಇಲ್ಲ.”

ಇಂದಿರಾನಗರದ ಆಸ್ಪತ್ರೆಯ ತುರ್ತು ವಿಭಾಗದ ಪರದೆಯ ಹಿಂದೆ ಶಿವಪುತ್ರ ಬೂದಿ ಬಣ್ಣಕ್ಕೆ ತಿರುಗಿ ಮಲಗಿದ್ದ. ಎಡತೊಡೆಯಲ್ಲಿ ಅಂಗೈ ಹೊಗುವಷ್ಟು ಹಳ್ಳ. ಅಂಚೆಲ್ಲ ಕಪ್ಪು. ಇವತ್ತಿನ ಗಾಯವಲ್ಲ ಅದು. ಕೊಳೆತ ಗಾಯ. ಡಾಕ್ಟರು ಹುಡುಗಿ ಹತ್ತಿ ಒತ್ತುತ್ತಿದ್ದಳು. ಹತ್ತಿ ಕೆಂಪಾಗುತ್ತಿತ್ತು. ಮತ್ತೆ ಹತ್ತಿ. ಮತ್ತೆ ಕೆಂಪು. “ಇದು ಯಾವಾಗ ಆಯ್ತು? ಎಷ್ಟು ದಿನದಿಂದ ಹೀಗೇ ಇಟ್ಕೊಂಡಿದ್ದಾರೆ?” ಎಂದು ಬೈದು, ಉತ್ತರಕ್ಕೆ ಕಾಯದೆ ರಕ್ತ ತರಿಸಲು ಓಡಿದಳು.

ಶಿವಪುತ್ರ ಕಣ್ಣು ತೆರೆಯದೆ ಚೀರಿದ. ಪ್ರತಿಭಾ ಕೋಣೆಯಲ್ಲಿ ದೂರದಿಂದ ಕೇಳಿದ್ದ ಅದೇ ದನಿ.

ಇನಾಯತ್ ಉಲ್ಲಾ ಪಟ ಕೆಳಗಿಡದೆಯೇ ಆಟೋದಲ್ಲಿ ಹೋಗಿ ಕಣ್ಣಿನ ಆಸ್ಪತ್ರೆಯಿಂದ ಭೀಮಬಾಯಿಯನ್ನು ಕರೆತಂದರು. ಒಂದು ಕಣ್ಣಿಗೆ ಪಟ್ಟಿ, ತಡವರಿಸುವ ಹೆಜ್ಜೆ. ಮೊಮ್ಮಗನ ಚೀರು ಕಿವಿಗೆ ಬಿದ್ದದ್ದೇ ಆಕೆಗೆ ಎಲ್ಲ ತಿಳಿದುಹೋಯಿತು. ಬೈಯಲಿಲ್ಲ.

“ಅರ್ಜಿ ಯಾರ ಹೆಸರಲೆ ಕೊಟ್ಟಿದ್ದಿ?”

“ಶಿವು ಹೆಸರಲ್ಲಿ ಆಯಿ. ಬಿಚ್ಚಿದ್ದು ನಾನು. ಬರೋದಿದ್ರೆ ನನಗೆ ಬರ್ಬೇಕಿತ್ತು...”

“ಅದು ಬಿಚ್ಚಿದವರನ್ನ ಹುಡುಕಂಗಿಲ್ಲ ಯವ್ವಾ. ಕೇಳಿದವರನ್ನ ಹುಡುಕತೈತಿ.”

“ಹೇಗೆ ಕಟ್ಟೋದು? ಹೇಳಿ ಆಯಿ. ನಿಮ್ಮ ಕಾಲಿಗೆ ಬೀಳ್ತೀನಿ, ಹೇಳಿ.”

ಮುದುಕಿ ಪರದೆಯ ಕಡೆ ತಿರುಗಿದಳು. “ಬಿಚ್ಚಿದಾಕಿನ ಕಟ್ಟಬೇಕು. ನಿನ್ನ ಕೂದಲದಿಂದ. ಕಟ್ಟಿದರ ನೆನಪು ನಿನಗೊಬ್ಬಾಕಿಗಿ. ಇವರಿಗಿ ಇರಂಗಿಲ್ಲ, ಶಿವೂಗ ಇರಂಗಿಲ್ಲ. ನನಗೂ ಇರಂಗಿಲ್ಲ.”

ಇನಾಯತ್ ಉಲ್ಲಾ ಪಟವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡರು. “ನಾನು ಮತ್ತೆ ಮರೀತೀನಾ ಬೆಹನ್? ಅವನು ನನ್ನನ್ನ ಹೊತ್ತಿದ್ದು?”

ಭೀಮಬಾಯಿ ಅವರ ಕೈಯಿಂದ ಪಟ ತೆಗೆದುಕೊಂಡು ತೆರೆದ ಕಣ್ಣಿನ ಹತ್ತಿರಕ್ಕೆ ಹಿಡಿದಳು. ಗಾಜಿನ ಮೇಲೆ ಬೆರಳಾಡಿಸಿ ಪಟ್ಟಿಯನ್ನು ಹುಡುಕಿದಳು. ಅದರ ಮೇಲೆ ಅಂಗೈ ಇಟ್ಟಳು, ಜ್ವರ ನೋಡುವವರ ಹಾಗೆ.

“ನೋಡ್ರಿ, ಎಲ್ಲಾರೂ ನೋಡ್ರಿ,” ಎಂದಳು. “ನನ್ನ ಗಂಡ ಸುಳ್ಳು ಹೇಳಿರಲಿಲ್ಲ.”

ಪರದೆಯ ಹಿಂದಿನ ಚೀರು ನಿಂತಿತು. ನಿಂತದ್ದು ಇನ್ನೂ ಭಯಂಕರವಾಗಿತ್ತು.

“ಕಟ್ಟು!” ಎಂದಳು ಮುದುಕಿ. “ಗಾಯ ಆಗೇ ಇಲ್ಲ ಅನ್ಕೋತ ಕಟ್ಟು. ಅದ ಮಂತ್ರ.”

ಪ್ರತಿಭಾ ತಲೆಗೆ ಕೈ ಹಾಕಿ ಕೂದಲು ಕಿತ್ತಳು. ಬುಡದಲ್ಲಿ ರಕ್ತ ಬಂತು. ಮುಷ್ಟಿಯಲ್ಲೇ ಉಳಿದಿದ್ದ ಚೂರನ್ನು ಸುತ್ತಿದಳು. ಗಾಯ ಆಗೇ ಇಲ್ಲ. ಗಂಟು. ಚೂರು ಸುಟ್ಟಿತು. ಬೆರಳಿನಲ್ಲಿ ಬೊಬ್ಬೆ ಎದ್ದಿತು. ಬಿಡಲಿಲ್ಲ. ಗಾಯ ಆಗೇ ಇಲ್ಲ. ಊರು ಹೇಳಿದ ಮಾತು. ಡಾಕ್ಟರು ಹೇಳಿದ ಮಾತು. ಗೆಳೆಯ ಹೇಳಿದ ಮಾತು. ಗಂಟು. ಪಕ್ಕದಲ್ಲಿ ಯಾರೋ ನಿಂತಿದ್ದರು. ಕಾಲು ಎಳೆಯುವ ಸದ್ದು. ಸ್ಪಿರಿಟ್ಟಿನ ವಾಸನೆ. ತಿರುಗಿ ನೋಡಲಿಲ್ಲ. ನೋಡಿದರೆ ಕಟ್ಟಲಾಗುವುದಿಲ್ಲ. ‘ಕ್ಷಮಿಸಿ ಮುತ್ಯಾ’ ಎಂದಿತು ಮನಸ್ಸು. ಬಾಯಿ ಅಂದಿತು, ಗಾಯ ಆಗೇ ಇಲ್ಲ. ಗಂಟು. ಕೊನೆಯ ಗಂಟು.

ಕಾಲೆಳೆಯುವ ಸದ್ದು ಕಾರಿಡಾರಿನ ಉದ್ದಕ್ಕೂ ದೂರವಾಗುತ್ತ ಹೋಯಿತು.

“ಏನಕ್ಕ, ಗಾಬರಿ ಬೀಳ್ಬೇಡಿ,” ಎಂದಳು ಡಾಕ್ಟರು ಹುಡುಗಿ, ಪರದೆ ಸರಿಸುತ್ತ. “ಬಿಸಿಲಲ್ಲಿ ನಿಂತು ತಲೆ ತಿರುಗಿದೆ ಅಷ್ಟೆ. ಗ್ಲೂಕೋಸ್ ಹಾಕಿದೀವಿ.” ಹಾಸಿಗೆ ಬೆಳ್ಳಗಿತ್ತು. ಶಿವಪುತ್ರ ನಾಚಿಕೊಂಡು ನಕ್ಕ. ಇನಾಯತ್ ಉಲ್ಲಾ ತಮ್ಮ ಬರಿಗಾಲನ್ನು ನೋಡಿಕೊಂಡು, ತಾನೇಕೆ ಇಲ್ಲಿದ್ದೇನೆಂದು ತಿಳಿಯದೆ, “ಬರ್ತೀನಿ ಬೇಟಿ, ಹುಷಾರು” ಎಂದು ಹೊರಟರು. ಬಾಗಿಲ ಹತ್ತಿರ ಒಮ್ಮೆ ನಿಂತರು. ಏನನ್ನೋ ಮರೆತವರಂತೆ ಎರಡೂ ತೋಳುಗಳನ್ನು ಮುಟ್ಟಿಕೊಂಡು, ಹೊರಟುಹೋದರು.

ಅರ್ಜಿಯ ವಾರ ಮುಗಿಯಿತು. ಸಾಕ್ಷಿ ಕೊಡಲು ಯಾರೂ ಇರಲಿಲ್ಲ.

ಭೀಮಬಾಯಿಯ ಕಣ್ಣು ಚೆನ್ನಾಗಿ ವಾಸಿಯಾಯಿತು. ಒಂದು ಬೆಳಿಗ್ಗೆ ಆಕೆ ಪಟದ ಮುಂದೆ ನಿಂತು ಬಹಳ ಹೊತ್ತು ನೋಡಿದಳು. ಬೋಳು ಕಾಲು ಚಾಚಿ ಕೂತಿದ್ದ ಜಟ್ಟೆಪ್ಪ.

“ಈಗ ಸ್ವಚ್ಛ ಕಾಣತೈತಿ ನೋಡು. ಒಂದು ಗೀರರ ಐತೇನು? ಈ ಮನುಷ್ಯಾನ ಸುಳ್ಳಿನ ಸಲುವಾಗಿ ಜನ್ಮಪೂರ್ತಿ ತಲಿ ತಗ್ಗಿಸಿಕೊಂಡು ತಿರಗಾಡಿದೆ.” ಒಣಗಿದ ಸೇವಂತಿಗೆಯನ್ನು ಕಿತ್ತು ಕಿಟಕಿಯಾಚೆ ಎಸೆದು, ಪಟವನ್ನು ಗೋಡೆಯ ಕಡೆಗೆ ತಿರುಗಿಸಿದಳು. ಆಮೇಲೆ ಅವಳ ಹೊಸ ಕಣ್ಣು ಪ್ರತಿಭಾಳ ಕೊರಳಿಗೆ ಬಿತ್ತು. “ಅದೇನ ಕಟ್ಟಿಕೊಂಡೀಯವ್ವ? ಕಲಿತಾಕಿ ಆಗಿ ತಾಯತ ಕಟ್ಟತೀಯಲ್ಲ. ಏನೈತಿ ಅದರಾಗ? ಬಿಚ್ಚು, ನೋಡೂಣು.”

ಪ್ರತಿಭಾ ತಾಯತವನ್ನು ಮುಷ್ಟಿಯಲ್ಲಿ ಬಿಗಿದು ಹಿಡಿದಳು. ಅದು ಬೆಚ್ಚಗಿತ್ತು.

“ಬಿಚ್ಬಾರದು ಆಯಿ. ಒಳಗೆ ಮುತ್ಯಾನ ಗಾಯ ಇದೆ.”

ಭೀಮಬಾಯಿಗೆ ನಗು ಬಂತು.